ಗುಜರಿಗೆ ಹಾಕುವ ಮುನ್ನ ಒಂದು ಮಾತು

ಒಮ್ಮೆ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಎಂಟನೇ ತರಗತಿಯ ಹುಡುಗನೊಬ್ಬ ಹಳೆಯ ಗ್ರಾಮಾಫೋನ್ ತಟ್ಟೆಯೊಂದನ್ನು ತಂದ. ಅಂಚಿನಲ್ಲಿ ಬಿರುಕು, ನಡುವಿನ ಚೀಟಿ ಪೂರ್ತಿ ಕಿತ್ತುಹೋಗಿತ್ತು. ‘ಯಾರ ಹಾಡಪ್ಪ ಇದು?’ ಎಂದೆ. ‘ತಾತನಿಗೆ ಗೊತ್ತಿತ್ತು ಸಾರ್. ಅವರು ಹೋದ ವರ್ಷ ತೀರಿಕೊಂಡರು’ ಎಂದ. ಗ್ರಾಮಾಫೋನು ಅಷ್ಟರಲ್ಲೇ ಗುಜರಿ ಸೇರಿತ್ತು. ತಟ್ಟೆಯ ಮುಂದೆ ಏನೆಂದು ಬರೆದಿಡುವುದೋ ನಮಗೆ ತಿಳಿಯಲಿಲ್ಲ.

ವಸ್ತು ಉಳಿದರೂ ಅದರ ಕಥೆ ಉಳಿಯದಿದ್ದರೆ ಅದು ಮೂಕವಾಗುತ್ತದೆ. ಹಳೆಯ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸದಲ್ಲಿ ನಾವು ಮರೆಯುವುದು ಇದನ್ನೇ.

ಆ ತಟ್ಟೆಯನ್ನೇ ನೋಡಿ. 78 ಸುತ್ತಿನ ಇಂಥ ತಟ್ಟೆಗಳ ಒಂದು ಮುಖ್ಯ ಅಂಶ ಅರಗು. ಅದಕ್ಕೆ ಕಲ್ಲಿನ ಪುಡಿ ಮುಂತಾದುವನ್ನು ಬೆರೆಸಿ ಒತ್ತುತ್ತಿದ್ದರು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಘರ್ಷಣೆಯ ಬಿಸಿಗೆ ಅದು ಕರಗಿ ಮೆತ್ತಿಕೊಳ್ಳುತ್ತದೆ. ಒಂದು ಪುಟ್ಟ ಕೀಟ ಸ್ರವಿಸುವ ಅಂಟು ಮಗುವಿನ ಆಟಿಕೆಯೂ ಆಯಿತು, ಗಾಯಕರ ದನಿಯೂ ಆಯಿತು! ಬಿಸಿಗೆ ಅರಗು ಮೆತ್ತಗಾಗುವುದರಿಂದಲೇ ಇಂಥ ತಟ್ಟೆಗಳನ್ನು ಬಿಸಿಲಿನಲ್ಲಿ ಇಡಬಾರದು, ಸೊಟ್ಟಗಾಗುತ್ತವೆ.

ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ರಾಮನಗರದ ಬಳಿ ಜಾನಪದ ಲೋಕವಿದೆ. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು (1915–2005) ಹಳ್ಳಿಗಳಿಂದ ಹಾಡು, ಕಥೆ, ವಸ್ತುಗಳನ್ನು ಕೂಡಿಸಿದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ 15 ಎಕರೆಯಲ್ಲಿ ಈ ಜಾನಪದ ಲೋಕವನ್ನೂ ಕಟ್ಟಿದರು. ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಅಡುಗೆಮನೆಯ ಪಾತ್ರೆ, ಉಳುಮೆಯ ಸಲಕರಣೆ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ಕಾಣಸಿಗುತ್ತವೆ. ಅವರು ಹಾಡುಗಳ ಧ್ವನಿಮುದ್ರಣವನ್ನೂ ಮಾಡಿಸಿದರು. ವಸ್ತುವಿನ ಜೊತೆಗೆ ದನಿಯೂ ಉಳಿಯಿತು.

ನಾವು ಎಕರೆಗಟ್ಟಲೆ ಕಟ್ಟಬೇಕಿಲ್ಲ. ಒಂದು ರಟ್ಟಿನ ಪೆಟ್ಟಿಗೆ, ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮಕ್ಕಳೇ, ಮನೆಯ ಸೇರು, ಪಾವು, ಕಸೂತಿಯ ಕುಪ್ಪಸ, ನಾಟಕದ ಕರಪತ್ರ, ಏನೇ ಸಿಗಲಿ, ಅದಕ್ಕೊಂದು ಸಂಖ್ಯೆ ಕೊಡಿ. ಏನು, ಯಾರದು, ಎಲ್ಲಿಯದು, ಯಾವಾಗಿನದು, ಯಾವುದಕ್ಕೆ ಬಳಸುತ್ತಿದ್ದರು ಎಂಬ ಐದು ಪ್ರಶ್ನೆಗಳಿಗೆ ಅಜ್ಜ ಅಜ್ಜಿಯರಿಂದ ಉತ್ತರ ಕೇಳಿ ಬರೆಯಿರಿ. ಹಳೆಯ ನಾಣ್ಯವನ್ನು ಹುಣಸೆಹಣ್ಣಿನಿಂದ ಉಜ್ಜಬೇಡಿ. ಆಮ್ಲವು ಲೋಹವನ್ನೇ ತಿನ್ನುತ್ತದೆ.

ಪೋಷಕರಿಗೆ ಒಂದು ಕಿವಿಮಾತು. 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಕಲಾಕೃತಿಗಳೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪುರಾತನ ವಸ್ತುಗಳು. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತೆಯೂ ಇಲ್ಲ. ಪಾಳುಗುಡಿಯ ಕಲ್ಲನ್ನು ಹೊತ್ತು ತರುವುದು ಸಂಗ್ರಹವಲ್ಲ, ಕಳವು.

ಆ ತಟ್ಟೆಯ ವಿಷಯ ಏನಾಯಿತೆಂದು ಕೇಳುವಿರಾ? ಭೂತಗನ್ನಡಿ ಹಿಡಿದು ನೋಡಿದಾಗ, ನಡುಭಾಗದ ಸುತ್ತ ಅರಗಿನಲ್ಲೇ ಒತ್ತಿದ ಅಂಕಿಗಳು ಕಂಡವು. ಇಂಥ ಅಂಕಿಗಳಿಂದ ಬಲ್ಲವರು ಹಾಡನ್ನು ಪತ್ತೆಹಚ್ಚಬಲ್ಲರು. ಹುಡುಗ ಅವನ್ನು ಬರೆದುಕೊಂಡ. ಮರುದಿನ ಅಜ್ಜಿಯನ್ನು ಕೇಳಿಕೊಂಡು ಬಂದ: ತಾತ ಅದನ್ನು ತಂದದ್ದು ಅವರ ಮದುವೆಯ ವರ್ಷ, ಹಬ್ಬದ ದಿನ ತಪ್ಪದೆ ಹಾಕುತ್ತಿದ್ದರಂತೆ. ಹಾಡಿದವರ ಹೆಸರಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದ.

ನಿಮ್ಮ ಮನೆಯಲ್ಲಿ ಹೇಳುವವರು ಇನ್ನೂ ಇದ್ದಾರಲ್ಲವೇ? ಈ ಭಾನುವಾರವೇ ಕೇಳಿ.