ಬೋಟಿಗೆ ಗಂಟೆ ಲೆಕ್ಕ, ಕಾರಿಗೆ ಕಿಲೋಮೀಟರ್ ಲೆಕ್ಕ: ಸರ್ವೀಸ್‌ಗೆ ಮೊದಲೇ ಆಯಿಲ್ ಬದಲಿಸಬೇಕೇ?

ಮಂಗಳೂರಿನ ಬೆಂಗ್ರೆಗೆ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಫಲ್ಗುಣಿ ನದಿ. ನದಿಯಾಚೆ ಹಳೆ ಬಂದರಿನ ದಕ್ಕೆಯಲ್ಲಿ ಸಾಲುಸಾಲು ಮೀನುಗಾರಿಕೆ ಬೋಟುಗಳು. ಅವುಗಳಲ್ಲಿ ಕಿಲೋಮೀಟರ್ ತೋರಿಸುವ ಮೀಟರ್ ಇರುವುದಿಲ್ಲ. ಬೋಟಿನ ಡೀಸೆಲ್ ಇಂಜಿನ್‌ಗೆ ಆಯಿಲ್ ಬದಲಿಸುವುದು ಗಂಟೆ ಲೆಕ್ಕದಲ್ಲಿ. ಇಂಜಿನ್ ಯಾವುದು ಎನ್ನುವುದರ ಮೇಲೆ ವ್ಯತ್ಯಾಸ ಇದ್ದರೂ ಸಾಮಾನ್ಯವಾಗಿ 250 ಗಂಟೆ ಆಸುಪಾಸು. ಬಲೆ ಎಳೆಯುವಾಗ ಬೋಟು ನಿಧಾನ, ಇಂಜಿನ್ ಮಾತ್ರ ಇಡೀ ದಿನ ದುಡಿಯುತ್ತಲೇ ಇರುತ್ತದೆ. ಎಷ್ಟು ದೂರ ಹೋಯಿತು ಅಂತ ನೋಡಿ ಆಯಿಲ್ ಬದಲಿಸಿದರೆ ಕೆಲಸ ಕೆಟ್ಟಂತೆ.

ಅದೇ ಬೋಟಿನ ಮಾಲೀಕರ ಮನೆಯಂಗಳದಲ್ಲಿರುವ ಕಾರಿಗೆ ಮಾತ್ರ ಬೇರೆ ಲೆಕ್ಕ: 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಭಾರತದಲ್ಲಿ ಮಾರಾಟವಾಗುವ ಹೆಚ್ಚಿನ ಕಾರುಗಳ ಸರ್ವೀಸ್ ಪುಸ್ತಕದಲ್ಲಿ ಇರುವುದು ಇದೇ ಅಥವಾ ಇದರ ಹತ್ತಿರದ ಸಂಖ್ಯೆ. ಆದರೆ ಗ್ಯಾರೇಜಿಗೆ ಹೋದರೆ ಇನ್ನೊಂದು ಮಾತು ಕೇಳಿಸುತ್ತದೆ: ‘5,000ಕ್ಕೆ ಒಮ್ಮೆ ಆಯಿಲ್ ಚೇಂಜ್ ಮಾಡಿಸಿಬಿಡಿ, ಇಂಜಿನ್‌ಗೆ ಒಳ್ಳೆಯದು.’

ಇದನ್ನು ನಂಬಬೇಕೇ? ಚುಟುಕಾಗಿ ಹೇಳಿದರೆ, ಹೆಚ್ಚಿನವರಿಗೆ ಅದು ಬೇಡ. ಕೆಲವರಿಗೆ ಖಂಡಿತ ಬೇಕು. ನೀವು ಯಾರ ಸಾಲಿನಲ್ಲಿದ್ದೀರಿ ಎಂದು ತಿಳಿಯಲು ಕಾರನ್ನೂ ಬೋಟಿನ ಹಾಗೆ ನೋಡಬೇಕು.

ಆಯಿಲ್ ಹಾಳಾಗುವುದು ಎಲ್ಲಿ?

ಇಂಜಿನ್ ಆಯಿಲ್ ಬರೀ ಎಣ್ಣೆ ಅಲ್ಲ. ಮುಕ್ಕಾಲು ಪಾಲಿಗಿಂತ ಹೆಚ್ಚು ಬೇಸ್ ಆಯಿಲ್ ಇರುತ್ತದೆ, ನಿಜ. ಉಳಿದದ್ದು ರಾಸಾಯನಿಕಗಳು: ಮಸಿಯನ್ನು ಗಟ್ಟಿಯಾಗಿ ಅಂಟಿಕೊಳ್ಳಲು ಬಿಡದೆ ತೇಲಿಸಿ ಇಡುವಂಥದ್ದು, ಆಮ್ಲವನ್ನು ತಟಸ್ಥಗೊಳಿಸುವಂಥದ್ದು, ಲೋಹಕ್ಕೆ ಲೋಹ ತಾಗದಂತೆ ತೆಳು ಪದರ ಕಟ್ಟುವಂಥದ್ದು. ಆಯಿಲ್ ‘ಮುಗಿಯಿತು’ ಎನ್ನುವುದು ಹೆಚ್ಚಾಗಿ ಈ ರಾಸಾಯನಿಕಗಳ ಶಕ್ತಿ ಮುಗಿದಾಗ ಅಥವಾ ಆಯಿಲ್‌ಗೆ ಬೇರೇನೋ ಬೆರೆತಾಗ.

ಬೆರೆಯುವುದು ಏನು? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಇದು ರಸಾಯನಶಾಸ್ತ್ರದ ನೇರ ಲೆಕ್ಕ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿಳಿದು ಆಯಿಲ್ ಇರುವ ಜಾಗಕ್ಕೆ ಬರುತ್ತದೆ. ಜತೆಗೆ ಉರಿಯದ ಪೆಟ್ರೋಲ್ ಕೂಡ. ಇಂಜಿನ್ ಚೆನ್ನಾಗಿ ಬಿಸಿಯಾದರೆ ಈ ನೀರು, ಪೆಟ್ರೋಲ್ ಎರಡೂ ಆವಿಯಾಗಿ ಹೋಗುತ್ತವೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಅಲ್ಲೇ ಉಳಿಯುತ್ತವೆ.

ಇಲ್ಲೊಂದು ಸೂಕ್ಷ್ಮ ಇದೆ. ಡ್ಯಾಶ್‌ಬೋರ್ಡ್‌ನಲ್ಲಿ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಕೂಲಂಟ್ ಬಿಸಿಯಾಯಿತು ಎಂದಷ್ಟೇ ಅರ್ಥ. ಆಯಿಲ್ ಬಿಸಿಯಾಗಲು ಇನ್ನೂ ಸಮಯ ಬೇಕು. ಎರಡು ಕಿ.ಮೀ. ಓಡಿ ನಿಂತ ಕಾರಿನಲ್ಲಿ ಅದು ಆಗುವುದೇ ಇಲ್ಲ. ನಮ್ಮ ಕರಾವಳಿಯ ಸೆಕೆ ಇಲ್ಲಿ ಸ್ವಲ್ಪ ಉಪಕಾರ ಮಾಡುತ್ತದೆ: ಹಿಮ ಬೀಳುವ ದೇಶಗಳ ಹಾಗೆ ನಮ್ಮ ಇಂಜಿನ್ ಶೂನ್ಯ ಡಿಗ್ರಿಯಿಂದ ಶುರುವಾಗುವುದಿಲ್ಲ. ಆದರೂ 30 ಡಿಗ್ರಿಯಿಂದ 90–100 ಡಿಗ್ರಿಗೆ ಏರುವ ದಾರಿ ಇದ್ದೇ ಇದೆ.

‘ಕಡಲ ಬದಿಯ ಉಪ್ಪು ಗಾಳಿಗೆ ಆಯಿಲ್ ಬೇಗ ಹಾಳಾಗುತ್ತದೆ’ ಎನ್ನುವವರೂ ಇದ್ದಾರೆ. ಉಪ್ಪು ಗಾಳಿ ತಿನ್ನುವುದು ಬಾಡಿಯನ್ನು, ಸೈಲೆನ್ಸರ್ ಅನ್ನು, ವಯರಿಂಗ್ ಕನೆಕ್ಟರ್‌ಗಳನ್ನು. ಇಂಜಿನ್ ಒಳಗಿನ ಆಯಿಲ್‌ಗೆ ಹೊರಗಿನ ತೇವಕ್ಕಿಂತ ಇಂಜಿನ್ ತಾನೇ ಹುಟ್ಟಿಸುವ ನೀರಿನ ಕಾಟವೇ ಹೆಚ್ಚು.

10,000 ಕಿ.ಮೀ. ಎಂದರೆ ಎಷ್ಟು ಗಂಟೆ?

ಈಗ ಲೆಕ್ಕಕ್ಕೆ ಬರೋಣ. ಹೆದ್ದಾರಿಯಲ್ಲಿ ದಿನವೂ ಮಂಗಳೂರು–ಉಡುಪಿ ಓಡುವ ಕಾರಿನ ಸರಾಸರಿ ವೇಗ ಗಂಟೆಗೆ 50 ಕಿ.ಮೀ. ಎಂದಿಟ್ಟುಕೊಳ್ಳಿ. 10,000 ಕಿ.ಮೀ.ಗೆ ಇಂಜಿನ್ ಓಡಿದ್ದು 200 ಗಂಟೆ. ಇನ್ನೊಂದು ಕಾರು ನಗರದ ಟ್ರಾಫಿಕ್‌ನಲ್ಲೇ ಸುತ್ತುತ್ತದೆ, ಸರಾಸರಿ 15 ಕಿ.ಮೀ. ಅದೇ 10,000 ಕಿ.ಮೀ.ಗೆ ಅದರ ಇಂಜಿನ್ ಓಡಿದ್ದು ಸುಮಾರು 667 ಗಂಟೆ. ಮೀಟರ್‌ನಲ್ಲಿ ಎರಡೂ ಒಂದೇ, ಆಯಿಲ್‌ನ ದುಡಿಮೆಯಲ್ಲಿ ಮೂರು ಪಟ್ಟು ವ್ಯತ್ಯಾಸ.

ಬೆಂಗ್ರೆಯ ಕಾರುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಫೆರಿಯಲ್ಲಿ ಕೂತರೆ ಕೆಲವೇ ನಿಮಿಷಗಳಲ್ಲಿ ಆಚೆ ದಡ. ಅದೇ ಕಾರಿನಲ್ಲಿ ಹೊರಟರೆ ಉತ್ತರಕ್ಕೆ ತಣ್ಣೀರುಬಾವಿ, ಪಣಂಬೂರು ಸುತ್ತಿ, ರಾಷ್ಟ್ರೀಯ ಹೆದ್ದಾರಿ 66ಕ್ಕೆ ಸೇರಿ, ಕೂಳೂರು ಸೇತುವೆ ದಾಟಿ ಬರಬೇಕು. ಬಂದರಿನ ಲಾರಿಗಳ ಹಿಂದೆ, ಸೇತುವೆಯ ಜಾಮ್‌ನಲ್ಲಿ ಎಸಿ ಹಾಕಿ ನಿಂತ ಹೊತ್ತು ಕಿಲೋಮೀಟರ್ ಮೀಟರ್‌ಗೆ ಗೊತ್ತೇ ಆಗುವುದಿಲ್ಲ. ಫೋರ್ಡ್ ಕಂಪನಿ ತನ್ನ ಡೀಸೆಲ್ ಟ್ರಕ್‌ಗಳ ವಿಷಯದಲ್ಲಿ ಒಂದು ಗಂಟೆ ಐಡ್ಲಿಂಗ್ ಅನ್ನು ಸುಮಾರು 25 ಮೈಲಿ, ಅಂದರೆ 40 ಕಿ.ಮೀ. ಓಡಿದ್ದಕ್ಕೆ ಸಮ ಎಂದು ಲೆಕ್ಕ ಹಾಕುತ್ತದೆ. ಎಲ್ಲ ಕಾರಿಗೂ ಇದೇ ಸಂಖ್ಯೆ ಅನ್ವಯಿಸದು, ಆದರೆ ಅಂದಾಜು ಸಿಗುತ್ತದೆ.

ಇದಕ್ಕಿಂತ ಕಷ್ಟದ್ದು ಊರೊಳಗೇ ಓಡುವ ಕಾರು. ಮಕ್ಕಳನ್ನು ಫೆರಿಗೆ ಬಿಡುವುದು, ಅಂಗಡಿಗೆ, ಮಸೀದಿಗೆ, ದೈವಸ್ಥಾನಕ್ಕೆ ಹೋಗಿ ಬರುವುದು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಎರಡು ಕಿ.ಮೀ. ಅಂದರೂ ವರ್ಷಕ್ಕೆ 3,000 ಕಿ.ಮೀ. ಮುಟ್ಟುವುದಿಲ್ಲ. ಮಾಲೀಕರಿಗೆ ‘ನಮ್ಮ ಗಾಡಿ ಓಡುವುದೇ ಇಲ್ಲ’ ಎಂಬ ನೆಮ್ಮದಿ. ಆದರೆ ಆ ಇಂಜಿನ್ ವರ್ಷದಲ್ಲಿ 1,400ಕ್ಕೂ ಹೆಚ್ಚು ಸಲ ಸ್ಟಾರ್ಟ್ ಆಗಿ, ಪ್ರತಿ ಸಲವೂ ಪೂರ್ತಿ ಬಿಸಿಯಾಗುವ ಮೊದಲೇ ನಿಂತಿರುತ್ತದೆ. ಆಯಿಲ್‌ಗೆ ಇದಕ್ಕಿಂತ ಕೆಟ್ಟ ಬದುಕು ಬೇರೆ ಇಲ್ಲ.

ಯಾರೂ ಓದದ ಪುಟ

ಇದು ಗ್ಯಾರೇಜಿನ ಕಟ್ಟುಕಥೆಯೂ ಅಲ್ಲ, ನನ್ನ ಹೊಸ ಸಂಶೋಧನೆಯೂ ಅಲ್ಲ. ಕಾರಿನ ಜತೆ ಬಂದ ಮ್ಯಾನುಯಲ್ ತೆಗೆದು ನೋಡಿ. ಅನೇಕ ಕಂಪನಿಗಳ ಪುಸ್ತಕದಲ್ಲಿ ಸಾಮಾನ್ಯ ಪಟ್ಟಿಯ ನಂತರ ‘ಕಠಿಣ ಬಳಕೆ’ಗೆ ಪ್ರತ್ಯೇಕ ಪಟ್ಟಿ ಇರುತ್ತದೆ. ಪದೇಪದೇ ಕಡಿಮೆ ದೂರದ ಓಡಾಟ, ದೀರ್ಘ ಐಡ್ಲಿಂಗ್, ಸೆಕೆಯಲ್ಲಿ ನಿಂತು ನಿಂತು ಸಾಗುವ ಟ್ರಾಫಿಕ್, ಧೂಳಿನ ಅಥವಾ ಮರಳಿನ ರಸ್ತೆ, ಟ್ಯಾಕ್ಸಿ ಬಳಕೆ ಎಲ್ಲವೂ ಅದರಲ್ಲಿ ಬರುತ್ತವೆ. ಅಂಥ ಕಾರಿಗೆ ಅವಧಿ ಸಾಮಾನ್ಯವಾಗಿ ಅರ್ಧ: 5,000 ಕಿ.ಮೀ. ಅಥವಾ ಆರು ತಿಂಗಳು. ಹಾಗಾಗಿ ‘ಸರ್ವೀಸ್ ನಡುವೆ ಆಯಿಲ್’ ಎನ್ನುವುದು ಅಂಥವರಿಗೆ ಹೆಚ್ಚುವರಿ ಉಪಚಾರವಲ್ಲ, ಅದೇ ಅವರ ಸರ್ವೀಸ್.

ಡೀಸೆಲ್ ಕಾರಿನವರು ಇನ್ನೊಂದು ವಿಷಯ ಗಮನಿಸಬೇಕು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಬಂತು. ತುಂಬಿದ ಮಸಿಯನ್ನು ಸುಡಲು ಅನೇಕ ಇಂಜಿನ್‌ಗಳು ಸಿಲಿಂಡರ್‌ಗೆ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಆ ಕೆಲಸ ಮುಗಿಯುವ ಮೊದಲೇ ಕಾರು ಆಫ್ ಆಗುತ್ತಿದ್ದರೆ ಮತ್ತೆ ಮತ್ತೆ ಶುರುವಾಗುತ್ತದೆ, ಡೀಸೆಲ್ ಕೆಳಗಿಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಖುಷಿಪಡಬೇಡಿ. ಕಿಲೋಮೀಟರ್ ಎಷ್ಟೇ ಆಗಿರಲಿ, ಬದಲಿಸಿ.

ಪೆಟ್ರೋಲ್‌ನದ್ದು ಇ20 ಕಥೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ 20% ಎಥೆನಾಲ್ ಮಿಶ್ರಣ ಈಗ ಎಲ್ಲೆಡೆಯ ಇಂಧನ. ಎಥೆನಾಲ್ ನೀರಿನ ಜತೆ ಬೆರೆಯುವ ವಸ್ತು. ಇಂಜಿನ್ ಪೂರ್ತಿ ಬಿಸಿಯಾದರೆ ಆವಿಯಾಗಿ ಹೋಗುತ್ತದೆ, ಬಿಸಿಯಾಗದಿದ್ದರೆ ನೀರಿನೊಂದಿಗೆ ಆಯಿಲ್‌ನಲ್ಲೇ ಕೂರುತ್ತದೆ. ಅಲ್ಲಿಗೆ ಮತ್ತೆ ಅದೇ ಮಾತು: ಸಮಸ್ಯೆ ಕಡಿಮೆ ದೂರದ ಓಡಾಟದ್ದು.

ಅಂಥವರಿಗೆ ಖರ್ಚಿಲ್ಲದ ಮದ್ದೂ ಇದೆ. ವಾರಕ್ಕೊಮ್ಮೆ ಸುರತ್ಕಲ್ ದಾಟಿ ಮುಲ್ಕಿ ಕಡೆಗೆ ಒಂದೇ ಸಮನೆ ಅರ್ಧ ಗಂಟೆ ಓಡಿಸಿ ಬನ್ನಿ. ಮನೆ ಮುಂದೆ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಸ್ಟಾರ್ಟ್ ಇಡುವುದರಿಂದ ಉಪಕಾರವಿಲ್ಲ, ಅಪಕಾರವೇ.

ಕಪ್ಪಾದರೆ ಹಾಳಾಯಿತೇ?

ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ ಎಳೆದು, ಬೆರಳಿಗೆ ಒರೆಸಿ, ‘ನೋಡಿ, ಎಷ್ಟು ಕಪ್ಪಾಗಿದೆ’ ಎಂದು ತೋರಿಸುವುದುಂಟು. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ, ಕಪ್ಪಾಗುವುದು ಸಹಜ. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಬಣ್ಣದಲ್ಲಿ ಹೆದರಬೇಕಾದ್ದು ಒಂದಕ್ಕೇ: ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಅಥವಾ ಕೂಲಂಟ್ ಸೇರಿದೆ. ಮಳೆಗಾಲದಲ್ಲಿ ನೆರೆ ನೀರಿನಲ್ಲಿ ಮುಳುಗಿದ ಕಾರನ್ನು ಆಯಿಲ್ ನೋಡದೆ ಸ್ಟಾರ್ಟ್ ಮಾಡಲೇಬೇಡಿ.

ಹಾಗೆಯೇ ‘ನಮ್ಮ ಸೆಕೆಗೆ ದಪ್ಪ ಆಯಿಲ್ ಒಳ್ಳೆಯದು’ ಎಂಬ ಸಲಹೆ. 0ಡಬ್ಲ್ಯೂ-20 ಎಂದು ಪುಸ್ತಕದಲ್ಲಿ ಬರೆದ ಇಂಜಿನ್‌ಗೆ 20ಡಬ್ಲ್ಯೂ-50 ಹಾಕಿದರೆ ಹಣ ಕೊಟ್ಟು ತೊಂದರೆ ತಂದಂತೆ. ಈಗಿನ ಇಂಜಿನ್‌ಗಳ ಆಯಿಲ್ ದಾರಿಗಳು ಕಿರಿದು. ಡಿಪಿಎಫ್ ಇರುವ ಡೀಸೆಲ್‌ಗೆ ಕಡಿಮೆ ಬೂದಿ ಬಿಡುವ ಆಯಿಲ್ಲೇ ಬೇಕು. ಹೊರಗೆ ಬದಲಿಸಿದರೆ ಪುಸ್ತಕದಲ್ಲಿರುವ ಗ್ರೇಡ್, ಹೊಸ ಫಿಲ್ಟರ್, ಕಿಲೋಮೀಟರ್ ನಮೂದಿಸಿದ ಬಿಲ್ ಮೂರೂ ಇರಲಿ. ವಾರಂಟಿ ವಿಷಯ ಬಂದಾಗ ಆ ಬಿಲ್ಲೇ ಸಾಕ್ಷಿ.

ಹಳೆ ಆಯಿಲ್ ಎಲ್ಲಿಗೆ ಹೋಗುತ್ತದೆ?

‘ಎರಡು-ಮೂರು ಸಾವಿರ ತಾನೇ, ಸುಮ್ಮನೆ ಬದಲಿಸಿದರೆ ಏನು ನಷ್ಟ?’ ಎಂದು ಕೇಳಬಹುದು. ನಷ್ಟ ಬಿಲ್‌ನಲ್ಲಿ ಕಾಣುವುದಿಲ್ಲ. ಸಣ್ಣ ಪೆಟ್ರೋಲ್ ಕಾರಿನಿಂದ ಒಮ್ಮೆಗೆ ಮೂರು, ಮೂರೂವರೆ ಲೀಟರ್ ಹಳೆ ಆಯಿಲ್ ಹೊರಬರುತ್ತದೆ. ಒಂದು ಗ್ಯಾಲನ್ ಹಳೆ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಬೆಂಗ್ರೆಯದ್ದು ಮರಳು ನೆಲ, ಸುರಿದದ್ದು ನಿಲ್ಲದೆ ಇಳಿಯುತ್ತದೆ. ಕೆಳಗೆ ಸಿಹಿನೀರು, ಆಚೀಚೆ ಉಪ್ಪುನೀರು. ಚರಂಡಿಗೆ ಬಿಟ್ಟರೆ ಸೇರುವುದು ಫಲ್ಗುಣಿ, ನೇತ್ರಾವತಿ ಕೂಡುವ ಅಳಿವೆಯನ್ನು. ಜನ ಮರುವಾಯಿ ಹೆಕ್ಕುವುದು ಅದೇ ನೀರಿನಲ್ಲಿ. ಬೋಟಿನ ಇಂಜಿನ್ ಆಗಲಿ, ಕಾರಿನದ್ದಾಗಲಿ, ಇಲ್ಲಿ ಚೆಲ್ಲಿದ ಆಯಿಲ್ ದೂರ ಎಲ್ಲಿಗೂ ಹೋಗುವುದಿಲ್ಲ. ಊಟದ ತಟ್ಟೆಯ ಹತ್ತಿರವೇ ಸುತ್ತುತ್ತಿರುತ್ತದೆ.

ಕಾನೂನು ಸ್ಪಷ್ಟವಾಗಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಆಯಿಲ್ ಕೂಡ ಬರುತ್ತದೆ. 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆಯನ್ನು ಆಯಿಲ್ ತಯಾರಿಸುವ, ಆಮದು ಮಾಡುವ ಕಂಪನಿಗಳ ಮೇಲೂ ಹಾಕಲಾಗಿದೆ. ಆದರೆ ಗಲ್ಲಿಯ ಗ್ಯಾರೇಜಿನ ಡಬ್ಬಿಯಿಂದ ಅಧಿಕೃತ ಮರುಸಂಸ್ಕರಣಾ ಘಟಕದವರೆಗಿನ ದಾರಿ ಇನ್ನೂ ಹದವಾಗಿಲ್ಲ. ಕಟ್ಟಡದ ಸೆಂಟ್ರಿಂಗ್ ಹಲಗೆಗೆ ಬಳಿಯಲು ಹಳೆ ಆಯಿಲ್ ಮಾರಾಟವಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗ್ರಾಹಕರು ಕೇಳಬಹುದಾದ ಸರಳ ಪ್ರಶ್ನೆ: ‘ಈ ಆಯಿಲ್ ಯಾರಿಗೆ ಕೊಡುತ್ತೀರಿ?’ ಉತ್ತರ ಇಲ್ಲದ ಕಡೆ ಬದಲಿಸಬೇಡಿ.

ಹಾಗಾದರೆ ತೀರ್ಮಾನ ಹೀಗೆ. ಹೆಚ್ಚಾಗಿ ಹೆದ್ದಾರಿಯಲ್ಲಿ ಓಡುವ ಕಾರಾದರೆ ಪುಸ್ತಕದ ಅವಧಿ ಸಾಕು, ನಡುವೆ ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿದರಾಯಿತು. ಗಂಟೆಗಟ್ಟಲೆ ಜಾಮ್‌ನಲ್ಲಿ ನಿಲ್ಲುವ, ಟ್ಯಾಕ್ಸಿ ಓಡಿಸುವ, ಎರಡು ಕಿ.ಮೀ.ಗೆ ಆಫ್ ಆಗುವ ಕಾರಾದರೆ ಅರ್ಧ ಅವಧಿಗೆ ಬದಲಿಸಿ. ಓಡಿದ್ದು ಎಷ್ಟೇ ಕಡಿಮೆಯಿರಲಿ, ವರ್ಷ ದಾಟಿಸಬೇಡಿ. ಈಗಿನ ಅನೇಕ ಕಾರುಗಳ ಪರದೆಯಲ್ಲಿ ಸರಾಸರಿ ವೇಗ ತೋರಿಸುತ್ತದೆ. ಓಡಿದ ಕಿಲೋಮೀಟರ್ ಅನ್ನು ಅದರಿಂದ ಭಾಗಿಸಿ ನೋಡಿ. ನಿಮ್ಮ ಇಂಜಿನ್ ಎಷ್ಟು ಗಂಟೆ ದುಡಿದಿದೆ ಎಂಬುದು ಸಿಗುತ್ತದೆ. ಗ್ಯಾರೇಜಿನವರ ಮಾತು ನಂಬಬೇಕೋ ಬೇಡವೋ ಎಂದು ಆಮೇಲೆ ನೀವೇ ನಿರ್ಧರಿಸಬಹುದು.