ಖಾಸಗಿ ಕೆಲಸದವರ ಪಿಂಚಣಿಗೆ ದುಡ್ಡು ಹಾಕುವವರು ಯಾರು?

ಬ್ಯಾಟರಾಯನಪುರದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯ ಆಜುಬಾಜಿನಲ್ಲಿ ಶೋರೂಂ, ಆಸ್ಪತ್ರೆ, ಹೋಟೆಲ್, ಖಾಸಗಿ ಶಾಲೆಗಳಿವೆ. ಇಂಥ ಕಡೆ ದುಡಿಯುವವರಿಗೆ ಪಿಎಫ್ ಕಟ್ ಆಗುವುದು ಗೊತ್ತು. ಆದರೆ ಪಿಂಚಣಿಯ ಮಾತು ಬಂದರೆ ಒಬ್ಬರು ‘ಅದು ಸರ್ಕಾರ ಕೊಡೋದು’ ಎನ್ನುತ್ತಾರೆ, ಇನ್ನೊಬ್ಬರು ‘ನಮ್ಮ ಸಂಬಳದಲ್ಲೇ ಹಿಡಿಯುತ್ತಾರೆ’ ಎನ್ನುತ್ತಾರೆ. ಯಾವುದು ನಿಜ? ಬನ್ನಿ, ಲೆಕ್ಕ ಹಾಕಿ ನೋಡೋಣ.

ಯಾವ ಪಿಂಚಣಿ ಇದು?

ಇದರ ಹೆಸರು ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95. 1995ರ ನವೆಂಬರ್ 16ರಂದು ಶುರುವಾಯಿತು. ನಡೆಸುವುದು ನೌಕರರ ಭವಿಷ್ಯ ನಿಧಿ ಸಂಸ್ಥೆ (ಇಪಿಎಫ್‌ಒ). ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ.

ದುಡ್ಡು ಯಾರದು?

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ ₹15,000 ಎಂದುಕೊಳ್ಳಿ.

• ನಿಮ್ಮ ಸಂಬಳದಿಂದ ಶೇ 12, ಅಂದರೆ ₹1,800 ಕಟ್ ಆಗುತ್ತದೆ. ಅದಷ್ಟೂ ಪಿಎಫ್‌ಗೆ ಹೋಗುತ್ತದೆ. ಪಿಂಚಣಿಗೆ ಒಂದು ರೂಪಾಯಿಯೂ ಇಲ್ಲ.
• ಮಾಲೀಕರೂ ₹1,800 ಕಟ್ಟುತ್ತಾರೆ. ಅದರಲ್ಲಿ ಶೇ 8.33ರ ಪಾಲು, ಅಂದರೆ ₹1,250 ಪಿಂಚಣಿಗೆ. ಉಳಿದ ₹550 ನಿಮ್ಮ ಪಿಎಫ್‌ಗೆ.
• ಕೇಂದ್ರ ಸರ್ಕಾರ ಶೇ 1.16, ಅಂದರೆ ₹174 ಸೇರಿಸುತ್ತದೆ.

ಅಂದರೆ ಪಿಂಚಣಿಯ ದೊಡ್ಡ ಪಾಲು ಮಾಲೀಕರದು, ಚಿಕ್ಕ ಪಾಲು ಸರ್ಕಾರದ್ದು. ಆದರೆ ಎಷ್ಟೋ ಕಂಪನಿಗಳು ತಮ್ಮ ಈ ಪಾಲನ್ನೂ ನಿಮ್ಮ ಸಿಟಿಸಿ ಒಳಗೇ ತೋರಿಸುತ್ತವೆ. ಹಾಗೆ ನೋಡಿದರೆ ಅದು ದಾನವಲ್ಲ, ತಡವಾಗಿ ಕೈಗೆ ಬರುವ ನಿಮ್ಮದೇ ಕೂಲಿ.

ಮಾಲೀಕರ ಪಾಲು ಯಾರ ಹಕ್ಕು ಎಂಬ ಪ್ರಶ್ನೆಗೆ ಬೆಂಗಳೂರು ಒಮ್ಮೆ ಬೀದಿಗಿಳಿದಿದೆ. ಪಿಎಫ್‌ನಲ್ಲಿರುವ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು 2016ರ ಫೆಬ್ರುವರಿಯಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ರಸ್ತೆ ತಡೆದರು. 19ರಂದೇ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು.

ಕಂಪನಿ ಮುಚ್ಚಿದರೆ?

ಪಿಂಚಣಿ ಹೋಗುವುದಿಲ್ಲ. ಕಟ್ಟಿದ ಹಣ ಕಂಪನಿಯ ಕೈಯಲ್ಲಿರದೆ ಇಪಿಎಫ್‌ಒ ನಿಧಿಯಲ್ಲಿರುತ್ತದೆ. ಪಿಎಫ್‌ನಂತೆ ಇದಕ್ಕೆ ನಿಮ್ಮ ಹೆಸರಿನಲ್ಲಿ ಬಡ್ಡಿ ಜಮೆಯಾಗುವುದಿಲ್ಲ. ಪಿಂಚಣಿ ಬರುವುದು ಸೂತ್ರದ ಲೆಕ್ಕದಲ್ಲಿ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ವೇತನದ ಮಿತಿ 2014ರ ಸೆಪ್ಟೆಂಬರ್‌ನಿಂದ ₹15,000, ಕನಿಷ್ಠ ಪಿಂಚಣಿ ₹1,000. ಇಷ್ಟರಲ್ಲಿ ಬದುಕಲಾಗದು, ₹7,500 ಕೊಡಿ ಎಂದು ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿದ್ದಾರೆ.

ನಾವು ಎಡವುವುದು ಎಲ್ಲಿ?

58ಕ್ಕೆ ಪಿಂಚಣಿ ಸಿಗಲು 10 ವರ್ಷದ ಸೇವೆ ಬೇಕು. ಒಂದೇ ಕಡೆ ಇರಬೇಕೆಂದಿಲ್ಲ. ಒಂದು ಕಡೆ 6 ವರ್ಷ, ಇನ್ನೊಂದು ಕಡೆ 5 ವರ್ಷ ದುಡಿದರೆ 11 ವರ್ಷ. ₹15,000 ವೇತನಕ್ಕೆ ತಿಂಗಳಿಗೆ ಸುಮಾರು ₹2,357 ಬರುತ್ತದೆ. ಆದರೆ ಮೊದಲ ಕೆಲಸ ಬಿಟ್ಟಾಗ ಫಾರಂ 10ಸಿ ತುಂಬಿ ಪಿಂಚಣಿ ಹಣವನ್ನೂ ತೆಗೆದುಬಿಟ್ಟರೆ ಆ 6 ವರ್ಷ ಅಳಿಸಿಹೋಗುತ್ತದೆ. ಉಳಿಯುವುದು 5 ವರ್ಷ, ಪಿಂಚಣಿ ಇಲ್ಲ.

ಏನು ಮಾಡಬೇಕು?

• ಕೆಲಸ ಬದಲಿಸಿದಾಗ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ, ಖಾತೆ ವರ್ಗಾಯಿಸಿ.
• ಫಾರಂ 10ಸಿಯಲ್ಲೇ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಬಹುದು. ಅದು ಸೇವೆಯ ಲೆಕ್ಕ ಉಳಿಸುತ್ತದೆ.
• ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ಪಿಂಚಣಿ ಕಾಲಂ ನೋಡಿ. ಪಿಂಚಣಿ ಯೋಜನೆಯ ಸದಸ್ಯರಾಗಿದ್ದೂ ಅಲ್ಲಿ ಸೊನ್ನೆ ಇದ್ದರೆ ಎಚ್‌ಆರ್ ಅವರನ್ನು ಕೇಳಿ.
• ಮನೆಯವರಿಗೂ ತಿಳಿಸಿ. ಒಂದೇ ತಿಂಗಳ ವಂತಿಗೆ ಕಟ್ಟಿ, ಕೆಲಸದಲ್ಲಿರುವಾಗಲೇ ತೀರಿಕೊಂಡರೂ ಹೆಂಡತಿ ಅಥವಾ ಗಂಡನಿಗೆ, 25ರೊಳಗಿನ ಇಬ್ಬರು ಮಕ್ಕಳಿಗೆ ಪಿಂಚಣಿ ಇದೆ.

ಕೆಲಸ ಬಿಡುವ ಯೋಚನೆಯಲ್ಲಿರುವ ನಿಮ್ಮ ಪರಿಚಯದವರಿಗೆ ಇದನ್ನು ಕಳಿಸಿ. ಫಾರಂಗೆ ಸಹಿ ಹಾಕುವ ಮುಂಚೆ ಓದಲಿ.