ಸೈಕಲ್ ಸೀಟಿನ ಕೊಳವೆಗೆ ಗ್ರೀಸ್ ಹಚ್ಚಿದರೆ ಸೀಟು ಜಾರುತ್ತದೆಯೇ?

ಎಂಟನೇ ತರಗತಿಯಲ್ಲಿ ಸೈಕಲ್ ಹತ್ತಿದ ಮಕ್ಕಳು ಹತ್ತನೇ ತರಗತಿಗೆ ಬರುವಷ್ಟರಲ್ಲಿ ಸಾಕಷ್ಟು ಎತ್ತರ ಬೆಳೆದಿರುತ್ತಾರೆ. ಸೀಟು ಮಾತ್ರ ಮೊದಲ ದಿನ ಇದ್ದಲ್ಲೇ ಇರುತ್ತದೆ. ಮೇಲೇರಿಸೋಣವೆಂದು ಸ್ಪ್ಯಾನರ್ ಹಿಡಿದರೆ ಬೋಲ್ಟು ತಿರುಗುವುದಿಲ್ಲ. ಬೋಲ್ಟು ಸಡಿಲವಾದರೂ ಸೀಟು ಅಲುಗುವುದಿಲ್ಲ. 2006-07ರಲ್ಲಿ ಶುರುವಾದ ರಾಜ್ಯ ಸರ್ಕಾರದ ಯೋಜನೆಯಲ್ಲಿ ಸೈಕಲ್ ಪಡೆದ ಮಕ್ಕಳಿರುವ ಎಷ್ಟೋ ಮನೆಗಳಿಗೆ ಇದು ಗೊತ್ತಿರುವ ಪಾಡೇ.

ಸೀಟು ತಗ್ಗಿನಲ್ಲಿದ್ದರೆ ಪೆಡಲ್ ತುಳಿಯುವಾಗ ಮೊಣಕಾಲು ಅತಿಯಾಗಿ ಮಡಚಿಕೊಳ್ಳುತ್ತದೆ. ದಿನವೂ ಹೀಗೇ ತುಳಿದರೆ ಮಂಡಿಚಿಪ್ಪಿನ ಸುತ್ತ ನೋವು ಬರಬಹುದು. ಹಾಗಾಗಿ ಸೀಟು ಸುಲಭವಾಗಿ ಮೇಲೆ ಕೆಳಗೆ ಸರಿಯುವಂತೆ ಇಟ್ಟುಕೊಳ್ಳುವುದು ಆರೋಗ್ಯದ ವಿಷಯವೂ ಹೌದು. ಅದಕ್ಕೆ ಬೇಕಾದದ್ದು ಒಂದು ಹಳೇ ಬಟ್ಟೆ ಮತ್ತು ಒಂದು ಬೆರಳಿನಷ್ಟು ಗ್ರೀಸ್.

ಸೀಟು ಕಚ್ಚಿಕೊಳ್ಳುವುದೇಕೆ?

ಸೀಟನ್ನು ಹೊತ್ತಿರುವ ಕೊಳವೆಗೆ ಸೀಟ್ ಪೋಸ್ಟ್ ಎನ್ನುತ್ತಾರೆ. ಅದು ಫ್ರೇಮಿನ ಕೊಳವೆಯೊಳಗೆ ಇಳಿದಿರುತ್ತದೆ. ಫ್ರೇಮಿನ ಬಾಯಿಯಲ್ಲಿರುವ ಕ್ಲ್ಯಾಂಪನ್ನು ಬೋಲ್ಟಿನಿಂದ ಬಿಗಿದಾಗ ಎರಡೂ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಇವೆರಡರ ನಡುವಿನ ಸಂದು ಕೂದಲೆಳೆಯಷ್ಟು. ಹಿಂದಿನ ಚಕ್ರ ಎರಚುವ ಮಳೆನೀರು ಮತ್ತು ಸವಾರರ ಬೆವರು ಅಲ್ಲಿಗೆ ಇಳಿಯುತ್ತವೆ. ಗಾಳಿಯಾಡದ ಜಾಗವಾದ್ದರಿಂದ ಒಳಹೋದ ನೀರು ಬೇಗ ಆರುವುದಿಲ್ಲ.

ಎರಡೂ ಕೊಳವೆ ಉಕ್ಕಿನದ್ದಾದರೆ ತುಕ್ಕು ಹಿಡಿಯುತ್ತದೆ. ತುಕ್ಕು, ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಇಕ್ಕಟ್ಟಾದ ಸಂದಿನಲ್ಲಿ ಅದು ಉಬ್ಬಿ, ಬೆಣೆ ಹೊಡೆದಂತೆ ಎರಡು ಕೊಳವೆಗಳನ್ನೂ ಬಂಧಿಸುತ್ತದೆ.

ಫ್ರೇಮು ಉಕ್ಕಿನದ್ದು, ಪೋಸ್ಟ್ ಅಲ್ಯೂಮಿನಿಯಂನದ್ದು ಆಗಿದ್ದರೆ ಇನ್ನೂ ಒಂದು ತೊಂದರೆಯಿದೆ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡರೆ ಅದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಎರಡರಲ್ಲಿ ಒಂದು ಲೋಹ ಬೇಗ ಸವೆಯುತ್ತದೆ. ಇಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದು ಉಂಟಾಗುವ ಬಿಳಿ ಪುಡಿ ಸಂದನ್ನು ತುಂಬಿ ಗಟ್ಟಿಯಾಗುತ್ತದೆ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಗೂ ಇದೇ ಬಗೆಯ ತೊಂದರೆ ಆಗಿತ್ತು. ಅದರ ಹೊರಮೈ ತಾಮ್ರ, ಒಳಗಿನ ಆಧಾರ ಕಬ್ಬಿಣ. 1886ರಲ್ಲಿ ನಿಂತ ಪ್ರತಿಮೆಯಲ್ಲಿ ಎರಡು ಲೋಹಗಳ ನಡುವೆ ಇದ್ದ ತಡೆ ಹಾಳಾಗಿ ಕಬ್ಬಿಣ ಸವೆಯಿತು. 1986ರ ಶತಮಾನೋತ್ಸವಕ್ಕೆ ಮುಂಚೆ ಆ ಪಟ್ಟಿಗಳ ಬದಲು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳನ್ನು ಹಾಕಬೇಕಾಯಿತು. ಸೈಕಲ್ಲಿನಲ್ಲಿ ಅಂಥ ತಡೆಯ ಕೆಲಸ ಮಾಡುವುದೇ ಗ್ರೀಸ್. ಅದು ನೀರನ್ನು ಲೋಹದಿಂದ ದೂರವಿಡುತ್ತದೆ. ಮಂಗಳೂರು, ಕಾರವಾರದಂತಹ ಕಡಲತೀರದ ಊರುಗಳಲ್ಲಿ ಗಾಳಿಯಲ್ಲೇ ಉಪ್ಪಿರುವುದರಿಂದ ಅದು ಇನ್ನೂ ಮುಖ್ಯ.

ನಂಬಿಕೆ 1: ಗ್ರೀಸ್ ಹಚ್ಚಿದರೆ ಸೀಟು ಜಾರುತ್ತದೆ

ಲೋಹದ ಪೋಸ್ಟ್‌ಗೆ ತೆಳುವಾಗಿ ಹಚ್ಚಿದ ಗ್ರೀಸ್‌ನಿಂದ ಹಾಗಾಗುವುದಿಲ್ಲ. ಕ್ಲ್ಯಾಂಪ್ ಬಿಗಿದಾಗ ಒತ್ತಡಕ್ಕೆ ಅಲ್ಲಿನ ಹೆಚ್ಚಿನ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ. ಸೀಟು ಜಾರುತ್ತಿದ್ದರೆ ಬೋಲ್ಟು ಸಡಿಲವಿರಬಹುದು, ಕ್ಲ್ಯಾಂಪ್ ಸವೆದಿರಬಹುದು ಅಥವಾ ಪೋಸ್ಟ್‌ನ ಅಳತೆ ತಪ್ಪಿರಬಹುದು. 27.2 ಮಿ.ಮೀ. ಪೋಸ್ಟ್ ಬೇಕಾದ ಫ್ರೇಮಿಗೆ 27 ಮಿ.ಮೀ. ಪೋಸ್ಟ್ ಹಾಕಿದರೂ ಜಾರಬಹುದು. ಕಾರ್ಬನ್ ಫೈಬರ್ ಪೋಸ್ಟ್ ಅಥವಾ ಫ್ರೇಮಿಗೆ ಮಾತ್ರ ಗ್ರೀಸ್ ಬೇಡ. ಅದಕ್ಕೆಂದೇ ನುಣ್ಣನೆ ಹರಳು ಬೆರೆಸಿದ ಪೇಸ್ಟ್ ಸಿಗುತ್ತದೆ.

ನಂಬಿಕೆ 2: ಕೊಬ್ಬರಿ ಎಣ್ಣೆ ಸಾಕು

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನಮ್ಮ ಬಿಸಿಲಿಗೆ ಅದು ಹಚ್ಚಿದ ಜಾಗದಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಗ್ರೀಸ್ ಎಂದರೆ ಎಣ್ಣೆಗೆ ಸಾಬೂನಿನಂತಹ ದಪ್ಪಗೊಳಿಸುವ ವಸ್ತು ಬೆರೆಸಿದ್ದು. ಅದು ಸ್ಪಂಜಿನಂತೆ ಎಣ್ಣೆಯನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಗ್ರೀಸ್‌ಗೆ ಬದಲಿಯಲ್ಲ.

ನಂಬಿಕೆ 3: ಬೋಲ್ಟು ಒಣಗಿದ್ದರೆ ಗಟ್ಟಿ ಹಿಡಿಯುತ್ತದೆ

ಬೋಲ್ಟು ತಿರುಗಿಸುವಾಗ ನಾವು ಹಾಕುವ ಶ್ರಮದಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಬಿಗಿಯಲು ಬಳಕೆಯಾಗುತ್ತದೆ. ಉಳಿದದ್ದು ಮರೆಯಲ್ಲಿ ಮತ್ತು ಬೋಲ್ಟಿನ ತಲೆಯ ಕೆಳಗೆ ಆಗುವ ಘರ್ಷಣೆಗೆ ಹೋಗುತ್ತದೆ. ತುಕ್ಕು ಹಿಡಿದ ಬೋಲ್ಟು ಕೈಗೆ ಬಿಗಿಯಾದಂತೆ ಅನಿಸಿದರೂ ಒಳಗೆ ಹಿಡಿತ ಕಡಿಮೆಯೇ ಇರಬಹುದು. ಗ್ರೀಸ್ ಹಚ್ಚಿದ ಬೋಲ್ಟು ಕಡಿಮೆ ಶ್ರಮದಲ್ಲಿ ಹೆಚ್ಚು ಬಿಗಿಯಾಗುತ್ತದೆ. ಹಾಗಾಗಿ ಅತಿಯಾಗಿ ಬಿಗಿಯಬಾರದು, ಮರೆ ಕಿತ್ತುಹೋಗುತ್ತದೆ. ಕ್ಲ್ಯಾಂಪಿನ ಮೇಲೆ ಮಿತಿ ಬರೆದಿದ್ದರೆ ಅದನ್ನೇ ಪಾಲಿಸಿ.

ಮಾಡುವ ಕ್ರಮ

1. ಈಗಿನ ಎತ್ತರ ಗೊತ್ತಾಗುವಂತೆ ಪೋಸ್ಟ್‌ಗೆ ಟೇಪ್ ಸುತ್ತಿ.
2. ಬೋಲ್ಟು ಸಡಿಲಿಸಿ, ಸೀಟನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಮೇಲಕ್ಕೆ ಎಳೆಯಿರಿ.
3. ಪೋಸ್ಟ್, ಬೋಲ್ಟು, ಫ್ರೇಮಿನ ಒಳಭಾಗವನ್ನು ಸೀಮೆಎಣ್ಣೆ ತೊಟ್ಟಿಕ್ಕಿದ ಬಟ್ಟೆಯಿಂದ ಒರೆಸಿ. ಹತ್ತಿರದಲ್ಲಿ ಬೆಂಕಿ ಇರದಿರಲಿ. ತುಕ್ಕಿದ್ದ ಕಡೆ ಮಾತ್ರ ನುಣುಪಾದ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿ.
4. ಪೂರ್ತಿ ಒಣಗಿದ ಮೇಲೆ ಪೋಸ್ಟ್‌ನ ಒಳಹೋಗುವ ಭಾಗ, ಬೋಲ್ಟಿನ ಮರೆ ಮತ್ತು ತಲೆಯ ಕೆಳಭಾಗಕ್ಕೆ ತೆಳುವಾಗಿ ಗ್ರೀಸ್ ಹಚ್ಚಿ.
5. ಎತ್ತರ ಹೊಂದಿಸಿ ಬಿಗಿಯಿರಿ. ಪೋಸ್ಟ್ ಮೇಲಿನ ಕನಿಷ್ಠ ಆಳದ ಗೆರೆ ಫ್ರೇಮಿನ ಹೊರಗೆ ಕಾಣಬಾರದು. ಕಂಡರೆ ಪೋಸ್ಟ್ ಅಥವಾ ಫ್ರೇಮು ಮುರಿಯಬಹುದು.
6. ಹೊರಗೆ ಬಂದ ಗ್ರೀಸ್ ಒರೆಸಿ. ಬ್ರೇಕ್ ಮತ್ತು ರಿಮ್‌ಗೆ ಗ್ರೀಸ್ ತಾಗಲೇಬಾರದು.

ಸರಿಯಾದ ಎತ್ತರ ತಿಳಿಯಲು ಯಾರನ್ನಾದರೂ ಸೈಕಲ್ ಹಿಡಿದುಕೊಳ್ಳಲು ಹೇಳಿ, ಸೀಟಿನ ಮೇಲೆ ಕುಳಿತು ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಡಿ. ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು.

ಈಗಾಗಲೇ ಕಚ್ಚಿಕೊಂಡಿದ್ದರೆ?

ಸುತ್ತಿಗೆ ಎತ್ತಿಕೊಳ್ಳಬೇಡಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಸಂದಿಗೆ ಹಾಕಿ ರಾತ್ರಿಯಿಡೀ ಬಿಡಿ, ಆಮೇಲೆ ಸೀಟನ್ನೇ ಹಿಡಿಕೆಯಂತೆ ಹಿಡಿದು ತಿರುಗಿಸಿ. ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಇದ್ದರೆ ಪೋಸ್ಟ್‌ಗೆ ಐಸ್ ಕಟ್ಟಿ ನೋಡಿ. ತಂಪಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಕುಗ್ಗುವುದರಿಂದ ಹಿಡಿತ ಸಡಿಲಾಗಬಹುದು. ಆಗಲೂ ಬಾರದಿದ್ದರೆ ಸೈಕಲ್ ಅಂಗಡಿಗೆ ಒಯ್ಯಿರಿ.

ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಈ ಕೆಲಸ ಮಾಡಿದರೆ ಸಾಕು. ಮಗು ಬೆಳೆದಂತೆ ಸೀಟೂ ಮೇಲೇರುತ್ತದೆ.